ಬೂದು ಮರಿಗಳ ಹನ್ನೆರಡು ದಿನ

ವಿಜಯನಗರ, ಬಸವೇಶ್ವರನಗರದ ಪಾರ್ಕುಗಳಲ್ಲಿ ಈಗ ಬೆಳಗ್ಗೆ ಹೊತ್ತು ತರಾವರಿ ಜಾತಿ ನಾಯಿಗಳು ಕಾಣಸಿಗ್ತವೆ. ‘ರೇರ್ ಕಲರ್’ ಅಂದ್ರೆ ರೇಟೂ ಜಾಸ್ತಿ. ನಮ್ಮೂರಲ್ಲಿ ಕರಿಯ, ಕೆಂಚ ಅನ್ನೋದು ನಾಯಿಯ ಹೆಸರಾಗಿತ್ತೇ ಹೊರತು ಬೆಲೆ ಆಗಿರಲಿಲ್ಲ ಬಿಡಿ. ಆದರೆ ಒಂದು ಬಣ್ಣ ಮಾತ್ರ ಮರಿಯ ಹಣೆಬರಹವನ್ನೇ ಹೇಳ್ತಿತ್ತು: ಕೋಲಿ ತಳಿಯ (ನಮ್ಮ ಸಿನಿಮಾ ಲ್ಯಾಸಿಯ ತಳಿ) ಬೂದು ಮರಿ.

ಕೋಲಿ ಸಾಕುವವರಿಗೆ ಇದು ಮೊದಲಿಂದಲೂ ಗೊತ್ತಿತ್ತು. ತಾಯಿ ತಂದೆ ಇಬ್ಬರೂ ಗಟ್ಟಿಮುಟ್ಟು. ಆದರೂ ಒಂದೊಂದು ಸೂಲಿನಲ್ಲಿ ಬೆಳ್ಳಿಬೂದಿ ಬಣ್ಣದ ಮರಿ ಹುಟ್ಟೋದು, ಬಾರಿಬಾರಿ ಜ್ವರ, ಭೇದಿ, ನ್ಯುಮೋನಿಯಾ ಬಂದು ಬಹುತೇಕ ವರ್ಷ ತುಂಬೋದ್ರೊಳಗೆ ಸಾಯೋದು. 1967ರಲ್ಲಿ ಅಮೆರಿಕದ ಲುಂಡ್, ಪ್ಯಾಜೆಟ್ ಮತ್ತು ಆಟ್ ಈ ಮರಿಗಳ ರಕ್ತದಲ್ಲಿ ಒಂದು ಲಯ ತೋರಿಸಿಕೊಟ್ಟರು. ಸುಮಾರು 12 ದಿನಕ್ಕೊಮ್ಮೆ ನ್ಯೂಟ್ರೋಫಿಲ್, ಅಂದ್ರೆ ಸೋಂಕಿಗೆ ಮೊದಲು ಎದುರು ನಿಲ್ಲುವ ಬಿಳಿ ರಕ್ತಕಣ, ಹೆಚ್ಚುಕಮ್ಮಿ ಮಾಯ. ಎರಡು ಮೂರು ದಿನ ಕಾವಲೇ ಇಲ್ಲ. ಆಮೇಲೆ ತಾನಾಗೇ ವಾಪಸ್. ಯಾರೋ ಮೂಳೆಮಜ್ಜೆಯಲ್ಲಿ ಕ್ರಾನ್ ಜಾಬ್ ಹಾಕಿಟ್ಟ ಹಾಗೆ!

ತಪ್ಪು ಎಲ್ಲಿದೆ? 1974ರಲ್ಲಿ ಡೇಲ್ ಮತ್ತು ಗ್ರಾ, ಆರೋಗ್ಯವಂತ ಒಡಹುಟ್ಟಿದ ನಾಯಿಯ ಮಜ್ಜೆಯನ್ನು ಬೂದು ಮರಿಗೆ ಕಸಿ ಮಾಡಿದರು. ಲಯ ನಿಂತಿತು. ಅಂದರೆ ದೋಷ ಇದ್ದದ್ದು ರಕ್ತಕಣ ಹುಟ್ಟುವ ಜಾಗದಲ್ಲೇ.

ಮನುಷ್ಯರಲ್ಲೂ ಇಂಥದೇ ಕಾಯಿಲೆ ಇದೆ, ಚಕ್ರ ಸುಮಾರು 21 ದಿನದ್ದು. 1988ರಲ್ಲಿ ಲೋಥ್ರಾಪ್ ಮತ್ತು ಸಂಗಡಿಗರು ಜಿ-ಸಿಎಸ್‌ಎಫ್ ಎಂಬ ಮಾನವ ಪ್ರೋಟೀನನ್ನು ಬೂದು ಕೋಲಿಗಳಿಗೆ ಚುಚ್ಚಿದಾಗ ನ್ಯೂಟ್ರೋಫಿಲ್ ಪಾತಾಳಕ್ಕೆ ಬೀಳೋದು ನಿಂತಿತು. ಮರುವರ್ಷವೇ ಮನುಷ್ಯರಲ್ಲೂ ಅದು ಫಲ ಕೊಟ್ಟ ವರದಿ ಬಂತು. 1991ರಲ್ಲಿ ಅಮೆರಿಕ ಅದನ್ನೇ ಫಿಲ್‌ಗ್ರಾಸ್ಟಿಮ್ ಹೆಸರಿನಲ್ಲಿ ಕೀಮೋ ರೋಗಿಗಳಿಗೆ ಒಪ್ಪಿತು. ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ಕೀಮೋ ಆದ ಮೇಲೆ ‘ಕೌಂಟ್ ಏರೋಕೆ’ ಅಂತ ಹೊಟ್ಟೆಯ ಹತ್ತಿರ ಕೊಡ್ತಾರಲ್ಲ ಸಣ್ಣ ಇಂಜೆಕ್ಷನ್, ಅದು ಸಾಮಾನ್ಯವಾಗಿ ಇದೇ, ಇಲ್ಲಾ ಇದರ ತಮ್ಮ.

ಮೂಲ ದೋಷ ಸಿಕ್ಕಿದ್ದು 2003ರಲ್ಲಿ. ಎಪಿ3ಬಿ1 ಎಂಬ ಜೀನಿನಲ್ಲಿ ಸಾಲಾಗಿ ಒಂಬತ್ತು ‘ಎ’ ಇರಬೇಕಾದಲ್ಲಿ ಹತ್ತು! ನಮ್ಮ ಕಸುಬಿನ ಆಫ್-ಬೈ-ಒನ್ ಕಣ್ರೀ. ಜೀವಕೋಶದೊಳಗೆ ಪಾರ್ಸೆಲ್ ಮುಟ್ಟಿಸೋದು ಈ ಜೀನಿನ ಪ್ರೋಟೀನಿನ ಕೆಲಸ. ನ್ಯೂಟ್ರೋಫಿಲ್ಲಿನ ಪಾರ್ಸೆಲ್ಲೂ ಅದರದೇ, ರೋಮದ ಬಣ್ಣದ ಪಾರ್ಸೆಲ್ಲೂ ಅದರದೇ. ಬೂದು ಬಣ್ಣ ಅದಕ್ಕೇ. ಒಂದು ಪ್ರತಿ ಮಾತ್ರ ಕೆಟ್ಟ ನಾಯಿ ಚೆನ್ನಾಗೇ ಇರುತ್ತೆ; ಅಂಥ ಎರಡು ಕೂಡಿದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಈಗ ಕೆನ್ನೆಯೊಳಗೆ ಹತ್ತಿ ಸವರಿ ಡಿಎನ್‌ಎ ಪರೀಕ್ಷೆ ಮಾಡಬಹುದು. ಕೋಲಿ ಮರಿ ಕೊಳ್ಳೋರು ಬಣ್ಣ ನೋಡೋಕೆ ಮುಂಚೆ ಅಪ್ಪ ಅಮ್ಮನ ಆ ರಿಪೋರ್ಟ್ ಕೇಳೋದು ಒಳ್ಳೇದು.

ಇನ್ನು ಆ 1988ರ ನಾಯಿಗಳು. ಮದ್ದು ಮನುಷ್ಯರ ಪ್ರೋಟೀನ್ ತಾನೆ? ಕೆಲವೇ ವಾರಗಳಲ್ಲಿ ಅವುಗಳ ಮೈ ಅದರ ವಿರುದ್ಧವೇ ಪ್ರತಿಕಾಯ ತಯಾರಿಸಿತು, ಇಂಜೆಕ್ಷನ್ ನಾಟದೆ ಹೋಯಿತು.