ನಗಿಸಿದ ದೈತ್ಯ

ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಮಾತ್ರವೇ? ಒಂದು ತಲೆಮಾರು ಯಾವುದಕ್ಕೆ ಹೆದರಿತು, ಯಾವುದನ್ನು ಕಂಡು ನಕ್ಕಿತು ಎಂಬುದೂ ಇತಿಹಾಸವೇ. ಅಮೆರಿಕದ ‘ಮಾನ್‌ಸ್ಟರ್ ಮ್ಯಾಷ್’ ಎಂಬ ಹಾಡು ಇದಕ್ಕೊಂದು ಒಳ್ಳೆಯ ನಿದರ್ಶನ.

1818ರಲ್ಲಿ ಇಂಗ್ಲೆಂಡಿನ ಮೇರಿ ಶೆಲ್ಲಿಯವರ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿ ಪ್ರಕಟವಾಯಿತು. ಅದು ದೈತ್ಯನ ಹೆಸರೆಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ದೈತ್ಯನನ್ನು ಸೃಷ್ಟಿಸಿದ ವಿಜ್ಞಾನಿಯ ಹೆಸರು. ದೈತ್ಯನಿಗೆ ಹೆಸರೇ ಇಲ್ಲ. 1931ರ ಹಾಲಿವುಡ್ ಚಿತ್ರದಲ್ಲಿ ಬೋರಿಸ್ ಕಾರ್ಲಾಫ್ ಈ ದೈತ್ಯನಾಗಿ ನಟಿಸಿ ಪ್ರೇಕ್ಷಕರನ್ನು ನಡುಗಿಸಿದರು. 1957ರಲ್ಲಿ ಈ ಚಿತ್ರವೂ ಸೇರಿದಂತೆ 52 ಹಳೆಯ ಭಯಾನಕ, ರಹಸ್ಯ ಚಿತ್ರಗಳು ಅಮೆರಿಕದ ಟಿ.ವಿ. ಕೇಂದ್ರಗಳಿಗೆ ದೊರೆತವು. ಚಿತ್ರಮಂದಿರದ ಕತ್ತಲಲ್ಲಿ ಹಿರಿಯರನ್ನು ಬೆಚ್ಚಿಬೀಳಿಸಿದ್ದ ದೈತ್ಯ, ಮಕ್ಕಳಿಗೆ ಮನೆಯ ಹಜಾರದ ಅತಿಥಿಯಾದ. ಸಲಿಗೆ ಬೆಳೆದಲ್ಲಿ ಭಯ ಕರಗುತ್ತದೆ.

ಕಾರ್ಲಾಫ್ ಅವರ ಧ್ವನಿಯನ್ನು ಅನುಕರಿಸಿ ಸಭಿಕರನ್ನು ನಗಿಸುತ್ತಿದ್ದ ಯುವ ಗಾಯಕ ಬಾಬಿ ಪಿಕೆಟ್, 1962ರಲ್ಲಿ ಲೆನರ್ಡ್ ಕಪಿಝಿಯವರೊಡನೆ ಈ ಹಾಡು ಬರೆದರು. ಇಲ್ಲಿ ಪ್ರಯೋಗಶಾಲೆಯಲ್ಲಿ ಎದ್ದ ದೈತ್ಯ ಯಾರನ್ನೂ ಕೊಲ್ಲುವುದಿಲ್ಲ, ಕುಣಿಯತೊಡಗುತ್ತಾನೆ! ಧ್ವನಿಮುದ್ರಣದ ಉಪಾಯಗಳೂ ಸ್ವಾರಸ್ಯಕರ. ಹಲಗೆಯಿಂದ ತುಕ್ಕು ಮೊಳೆ ಕಿತ್ತರೆ ಶವಪೆಟ್ಟಿಗೆ ತೆರೆದ ಸದ್ದು. ನೀರಿನೊಳಕ್ಕೆ ಕೊಳವೆಯಿಂದ ಊದಿದರೆ ಕುದಿಯುವ ಕಡಾಯಿ. ದೊಡ್ಡ ಕಂಪನಿಗಳು ಬೇಡವೆಂದಾಗ ನಿರ್ಮಾಪಕ ಗ್ಯಾರಿ ಪ್ಯಾಕ್ಸ್‌ಟನ್ ತಾವೇ ಧ್ವನಿಮುದ್ರಿಕೆಯನ್ನು ಹೊರತಂದರು. ಅಕ್ಟೋಬರ್ 20ರ ಹೊತ್ತಿಗೆ ಅದು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದು, ಎರಡು ವಾರ ಅಲ್ಲೇ ನಿಂತಿತು.

ಆ ವಾರಗಳನ್ನು ಗಮನಿಸಿ. ಅಕ್ಟೋಬರ್ 22ರಂದು ಅಧ್ಯಕ್ಷ ಕೆನಡಿ ಟಿ.ವಿ.ಯಲ್ಲಿ ಮಾತನಾಡಿ, ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿವೆಯೆಂದು ಪ್ರಕಟಿಸಿದರು. 28ರಂದು ಒಪ್ಪಂದ ಮೂಡುವವರೆಗೆ ಜಗತ್ತು ಅಣುಯುದ್ಧದ ಅಂಚಿನಲ್ಲಿತ್ತು. ಹಾಡು ಈ ಬಿಕ್ಕಟ್ಟಿನ ಕುರಿತು ಬರೆದದ್ದಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಹುಟ್ಟಿದ ನಿಜವಾದ ದೈತ್ಯವೊಂದು ಬಾಗಿಲಲ್ಲಿ ನಿಂತಿದ್ದಾಗ ರೇಡಿಯೋಗಳಲ್ಲಿ ಕೇಳುತ್ತಿದ್ದುದು ಈ ನಗೆಹಾಡು.

ಬ್ರಿಟನ್ನಿನ ಬಿ.ಬಿ.ಸಿ.ಗೆ ಮಾತ್ರ ಇದು ತಮಾಷೆಯೆನಿಸಲಿಲ್ಲ. ಸಾವಿನ ವಿಷಯ ಅತಿಯಾಯಿತೆಂದು ಅದನ್ನು ನಿಷೇಧಿಸಿತು. ಆದರೆ 1973ರಲ್ಲಿ ಅದೇ ಹಾಡು ಅದೇ ದೇಶದಲ್ಲಿ ಮೂರನೆಯ ಸ್ಥಾನಕ್ಕೇರಿತು.

ಕೊನೆಗೊಂದು ಮಾತು. 1931ರ ಚಿತ್ರದಲ್ಲಿ ದೈತ್ಯನಿಗೆ ಮಾತಿಲ್ಲ, ಗುರುಗುಟ್ಟುವಿಕೆ ಮಾತ್ರ. ಹಾಡಿನಲ್ಲಿ ಕಾರ್ಲಾಫ್ ಧ್ವನಿಯಲ್ಲಿ ಕಥೆ ಹೇಳುವವನು ದೈತ್ಯನಲ್ಲ, ವಿಜ್ಞಾನಿ. ಶೆಲ್ಲಿಯವರ ಕಾದಂಬರಿ ಪ್ರಶ್ನಿಸಿದ್ದೂ ಅವನನ್ನೇ: ಸೃಷ್ಟಿಸಿದ ಮೇಲೆ ಹೊಣೆ ಯಾರದು? ನಗು ಮುಗಿದ ಮೇಲೂ ಈ ಪ್ರಶ್ನೆ ಉಳಿಯುತ್ತದೆ.