ಮಾನಸಿಕ ಆರೋಗ್ಯ ಆಪ್ತಸಮಾಲೋಚನೆಯ ಸ್ನಾತಕೋತ್ತರ ಶಿಕ್ಷಣ (ಪಾಂಡವಪುರ ಉಪವಿಭಾಗ)

ಮಾನಸಿಕ ಆರೋಗ್ಯ ಆಪ್ತಸಮಾಲೋಚನೆಯ ಸ್ನಾತಕೋತ್ತರ ಶಿಕ್ಷಣವು ಮಾನಸಿಕ ತೊಳಲಾಟಕ್ಕೆ ಒಳಗಾದವರೊಡನೆ ಮಾತುಕತೆಯ ಮೂಲಕ ಶಾಸ್ತ್ರೀಯವಾಗಿ ಕೆಲಸ ಮಾಡಲು ಅಭ್ಯರ್ಥಿಯನ್ನು ಸಿದ್ಧಗೊಳಿಸುವ ಪದವಿ ಶಿಕ್ಷಣವಾಗಿದೆ. ಭಾರತದಲ್ಲಿ ಈ ಹೆಸರಿನ ಒಂದೇ ನಿರ್ದಿಷ್ಟ ಪದವಿಯಿಲ್ಲ. ಮನಶ್ಶಾಸ್ತ್ರ, ಆಪ್ತಸಮಾಲೋಚನಾ ಮನಶ್ಶಾಸ್ತ್ರ, ಚಿಕಿತ್ಸಾ ಮನಶ್ಶಾಸ್ತ್ರ ಮತ್ತು ಸಮಾಜಕಾರ್ಯ ಎಂಬ ನಾಲ್ಕು ಬೇರೆ ಬೇರೆ ದಾರಿಗಳಿಂದ ಈ ವೃತ್ತಿಗೆ ಬರುವವರಿದ್ದಾರೆ. ಆದರೆ ಕಾನೂನಿನ ದೃಷ್ಟಿಯಲ್ಲಿ ಇವು ನಾಲ್ಕೂ ಸಮಾನವಲ್ಲ. ಈ ಲೇಖನವು ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ವಿದ್ಯಾರ್ಥಿಗಳನ್ನು ಗಮನದಲ್ಲಿಟ್ಟು ಈ ಶಿಕ್ಷಣದ ಅರ್ಹತೆಗಳನ್ನು ವಿವರಿಸುತ್ತದೆ.

ಹಿನ್ನೆಲೆ

ಈ ನಾಲ್ಕು ತಾಲ್ಲೂಕುಗಳು ಉನ್ನತ ಶಿಕ್ಷಣಕ್ಕಾಗಿ ಹಿಂದಿನಿಂದಲೂ ಮೈಸೂರನ್ನು ಅವಲಂಬಿಸಿವೆ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸುಮಾರು 15 ಕಿ.ಮೀ., ನಾಗಮಂಗಲದಿಂದ ಸುಮಾರು 60 ಕಿ.ಮೀ. ದೂರವಿದೆ. ಈ ಸಾಮೀಪ್ಯ ಮನಶ್ಶಾಸ್ತ್ರದ ಮಟ್ಟಿಗೆ ಒಂದು ಸುಯೋಗವೇ ಸರಿ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಷ್ಟು ಹಿಂದೆಯೇ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಮಹಾರಾಜ ಕಾಲೇಜಿನಲ್ಲಿ ಅದನ್ನು ಕಟ್ಟಿ ಬೆಳೆಸಿದವರು ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದ ಡಾ. ಎಂ.ವಿ. ಗೋಪಾಲಸ್ವಾಮಿ. ಮೈಸೂರಿನಲ್ಲಿ 'ಆಕಾಶವಾಣಿ' ಎಂಬ ಹೆಸರಿನ ಬಾನುಲಿ ಕೇಂದ್ರವನ್ನು 1935ರಲ್ಲಿ ಆರಂಭಿಸಿದವರೂ ಅವರೇ.

ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಇವೆರಡೂ 1974ರಲ್ಲಿ ವಿಲೀನಗೊಂಡು ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್ ಆಯಿತು. ಅಲ್ಲಿ 1955ರಲ್ಲಿ ಆರಂಭವಾದ ಡಿಪ್ಲೊಮಾ ತರಬೇತಿಯೇ ಮುಂದೆ ಎಂ.ಫಿಲ್. ಆಗಿ, ದೇಶದ ಚಿಕಿತ್ಸಾ ಮನಶ್ಶಾಸ್ತ್ರ ಶಿಕ್ಷಣಕ್ಕೆ ಮಾದರಿಯಾಯಿತು. ಕನ್ನಡ ಓದುಗರಿಗೆ ಈ ಶಾಸ್ತ್ರ ತರಗತಿಯ ಹೊರಗೂ ಅಪರಿಚಿತವಲ್ಲ. 'ರಾಶಿ' ಎಂದೇ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ 'ಮನಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಪದವಿ ಹಂತದ ಆಯ್ಕೆ

ಆಪ್ತಸಮಾಲೋಚಕರಾಗಬೇಕೆಂಬ ನಿರ್ಧಾರವನ್ನು ಬಹುತೇಕ ವಿದ್ಯಾರ್ಥಿಗಳು ಬಿ.ಎ. ಮುಗಿದ ಮೇಲೆ ಮಾಡುತ್ತಾರೆ. ಆ ಹೊತ್ತಿಗೆ ಒಂದು ಬಾಗಿಲು ಮುಚ್ಚಿರುವುದುಂಟು. ಅನೇಕ ವಿಶ್ವವಿದ್ಯಾನಿಲಯಗಳು ಮನಶ್ಶಾಸ್ತ್ರದ ಎಂ.ಎ. ಅಥವಾ ಎಂ.ಎಸ್ಸಿ. ಪ್ರವೇಶಕ್ಕೆ ಪದವಿಯಲ್ಲಿ ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದಿರಬೇಕೆಂದು ಕೇಳುತ್ತವೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಸಂಯೋಜನೆಯನ್ನು ಆರಿಸಿಕೊಂಡ ವಿದ್ಯಾರ್ಥಿಗೆ, ಎಷ್ಟೇ ಉತ್ತಮ ಅಂಕ ಬಂದಿದ್ದರೂ, ಅಲ್ಲಿ ಪ್ರವೇಶ ದೊರೆಯದೆ ಹೋಗಬಹುದು. ಆದುದರಿಂದ ದ್ವಿತೀಯ ಪಿಯುಸಿ ಮುಗಿದೊಡನೆ, ಸೇರಬೇಕೆಂದಿರುವ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಸಂಯೋಜನೆ ಇದೆಯೇ ಎಂದು ವಿಚಾರಿಸುವುದು ಮೊದಲ ಕೆಲಸ. ಇಲ್ಲವಾದಲ್ಲಿ ಮೈಸೂರಿಗೆ ಬಸ್ಸಿನಲ್ಲೋ ರೈಲಿನಲ್ಲೋ ದಿನವೂ ಹೋಗಿಬರುವ, ಅಥವಾ ಅಲ್ಲಿಯೇ ವಿದ್ಯಾರ್ಥಿನಿಲಯದಲ್ಲಿ ನೆಲೆಸುವ ಏರ್ಪಾಡು ಬೇಕಾಗುತ್ತದೆ. ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿರುವ ಶ್ರೀರಂಗಪಟ್ಟಣ ಮತ್ತು ಪಾಂಡವಪುರದವರಿಗೆ ಇದು ಸುಲಭ. ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಒಳನಾಡಿನ ಹಳ್ಳಿಗಳವರಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ನಿತ್ಯ ಪ್ರಯಾಣ ಸುಲಭಸಾಧ್ಯವಲ್ಲ.

ಪದವಿಯಲ್ಲಿ ಮನಶ್ಶಾಸ್ತ್ರ ಓದದವರಿಗೆ ಉಳಿದಿರುವ ಗಟ್ಟಿಯಾದ ದಾರಿ ಸಮಾಜಕಾರ್ಯ. ಎಂ.ಎಸ್.ಡಬ್ಲ್ಯು. ಪ್ರವೇಶಕ್ಕೆ ಸಾಮಾನ್ಯವಾಗಿ ಯಾವುದೇ ಪದವಿ ಸಾಕು. ಅದರಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನು ವಿಶೇಷ ವಿಷಯವಾಗಿ ಆರಿಸಿಕೊಂಡವರು ಮುಂದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರಾಗಿ ಅದೇ ಕ್ಷೇತ್ರವನ್ನು ಪ್ರವೇಶಿಸಬಹುದು. ಕಲಾ ಪದವೀಧರರೇ ಹೆಚ್ಚಾಗಿರುವ ಗ್ರಾಮೀಣ ತಾಲ್ಲೂಕುಗಳಲ್ಲಿ ಈ ದಾರಿಯ ಬಗ್ಗೆ ತಿಳಿವಳಿಕೆ ಕಡಿಮೆಯಿರುವುದು ವಿಷಾದದ ಸಂಗತಿ.

ಸ್ನಾತಕೋತ್ತರ ಪದವಿಯ ಸ್ವರೂಪ

ಸ್ನಾತಕೋತ್ತರ ಪದವಿಯ ಅವಧಿ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಮನಶ್ಶಾಸ್ತ್ರ ಮತ್ತು ಸಮಾಜಕಾರ್ಯ ಎರಡರ ಅಧ್ಯಯನ ವಿಭಾಗಗಳೂ ಇವೆ. ಆಪ್ತಸಮಾಲೋಚನೆಯನ್ನೇ ಹೆಸರಿನಲ್ಲಿ ಹೊತ್ತ ಎಂ.ಎಸ್ಸಿ. ಶಿಕ್ಷಣವನ್ನು ನೀಡಿದ ಸಂಸ್ಥೆಗಳಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ, ಮಾಂಟ್‌ಫೋರ್ಟ್ ಕಾಲೇಜು ಮತ್ತು ಮಂಗಳೂರಿನ ರೋಶನಿ ನಿಲಯ ಸೇರಿವೆ.

ಪಾಠಕ್ರಮದಲ್ಲಿ ವ್ಯಕ್ತಿತ್ವ ಸಿದ್ಧಾಂತಗಳು, ವಿಕಾಸಾತ್ಮಕ ಮನಶ್ಶಾಸ್ತ್ರ, ಮನೋರೋಗಗಳ ಲಕ್ಷಣ ಮತ್ತು ವರ್ಗೀಕರಣ, ಮನೋಮಾಪನ, ಸಂಖ್ಯಾಶಾಸ್ತ್ರ ಹಾಗೂ ಸಂಶೋಧನಾ ವಿಧಾನಗಳಿರುತ್ತವೆ. ಕಾರ್ಲ್ ರೋಜರ್ಸ್ ಅವರ ವ್ಯಕ್ತಿಕೇಂದ್ರಿತ ವಿಧಾನ, ಆರನ್ ಬೆಕ್ ಅವರ ಅರಿವಿನ ಚಿಕಿತ್ಸೆ ಮೊದಲಾದ ಪದ್ಧತಿಗಳನ್ನು ತರಗತಿಯಲ್ಲಿ ಬೋಧಿಸುತ್ತಾರೆ. ಆದರೆ ಪದವಿಯ ತೂಕವನ್ನು ನಿರ್ಧರಿಸುವುದು ಇವು ಯಾವುವೂ ಅಲ್ಲ. ಅನುಭವಿ ಮೇಲ್ವಿಚಾರಕರ ಕಣ್ಣೆದುರಿನಲ್ಲಿ ನಡೆಯುವ ಪ್ರಾಯೋಗಿಕ ತರಬೇತಿಯೇ ಅದರ ತಿರುಳು. ವಿದ್ಯಾರ್ಥಿಯು ತಾನು ಭೇಟಿಯಾದ ವ್ಯಕ್ತಿಯ ವಿವರಗಳನ್ನು ದಾಖಲಿಸಿ, ಎಲ್ಲಿ ತಾಳ್ಮೆ ತಪ್ಪಿತು, ಎಲ್ಲಿ ಕೇಳಬೇಕಾದಲ್ಲಿ ಉಪದೇಶ ಕೊಟ್ಟುಬಿಟ್ಟೆ ಎಂಬುದನ್ನು ಗುರುವಿನೊಡನೆ ಚರ್ಚಿಸುತ್ತಾನೆ. ಕಾಲೇಜನ್ನು ಆರಿಸುವಾಗ ಎಷ್ಟು ಗಂಟೆಗಳ ಮೇಲ್ವಿಚಾರಿತ ತರಬೇತಿಯಿದೆ, ಯಾವ ಆಸ್ಪತ್ರೆಯಲ್ಲಿ ಎಂದು ಕೇಳಬೇಕು. ಕಟ್ಟಡದ ಅಂದ, ಜಾಹೀರಾತಿನ ಅಬ್ಬರ ಇದಕ್ಕೆ ಪರ್ಯಾಯವಲ್ಲ.

ಕಾನೂನು ಮತ್ತು ನೋಂದಣಿ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಜಾರಿಗೆ ಬಂದದ್ದು 2018ರ ಮೇ 29ರಂದು. ಅದು 'ಮಾನಸಿಕ ಆರೋಗ್ಯ ವೃತ್ತಿಪರ' ಎಂಬ ಪದಕ್ಕೆ ವ್ಯಾಖ್ಯೆ ನೀಡಿದೆ. ಮನೋವೈದ್ಯರು, ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿತರಾದ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಮತ್ತು ಮಾನಸಿಕ ಆರೋಗ್ಯ ಶುಶ್ರೂಷಕರು ಇದರ ವ್ಯಾಪ್ತಿಗೆ ಬರುತ್ತಾರೆ. ಆಯುರ್ವೇದವೇ ಮೊದಲಾದ ಪದ್ಧತಿಗಳಲ್ಲಿ ಮನೋರೋಗ ವಿಷಯದ ಸ್ನಾತಕೋತ್ತರ ಪದವಿ ಪಡೆದವರೂ ಸೇರುತ್ತಾರೆ. ಕೇವಲ ಆಪ್ತಸಮಾಲೋಚನೆಯಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಪಡೆದವರು ಈ ಪಟ್ಟಿಯಲ್ಲಿಲ್ಲ. ಅವರು ಶಾಲೆ, ಕಾಲೇಜು, ಸ್ವಯಂಸೇವಾ ಸಂಸ್ಥೆ, ಕಂಪನಿಗಳಲ್ಲಿ ಆಪ್ತಸಮಾಲೋಚಕರಾಗಿ ದುಡಿಯಬಹುದು. ಆದರೆ ತಮ್ಮನ್ನು ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದು ಕರೆದುಕೊಳ್ಳುವಂತಿಲ್ಲ. ಯಾರೇ ವೃತ್ತಿಪರರು ತಮ್ಮ ವೃತ್ತಿಕ್ಷೇತ್ರಕ್ಕೆ ಅಧಿಕಾರವಿಲ್ಲದ ಔಷಧಿಯನ್ನಾಗಲಿ ಚಿಕಿತ್ಸೆಯನ್ನಾಗಲಿ ಸೂಚಿಸಬಾರದೆಂದು ಕಾಯ್ದೆಯ 106ನೇ ಪ್ರಕರಣ ಹೇಳುತ್ತದೆ. 23ನೇ ಪ್ರಕರಣವು ರೋಗಿಯ ವಿಷಯವನ್ನು ಗೋಪ್ಯವಾಗಿಡುವ ಹಕ್ಕನ್ನು ನೀಡಿದೆ. ಎಲ್ಲರೂ ಎಲ್ಲರಿಗೂ ಪರಿಚಿತರಾಗಿರುವ ಹಳ್ಳಿಯಲ್ಲಿ ಈ ಎರಡನೆಯ ನಿಯಮವನ್ನು ಪಾಲಿಸುವುದು ನಗರಕ್ಕಿಂತ ಕಷ್ಟ. ಆದ್ದರಿಂದಲೇ ಅಲ್ಲಿ ಅದರ ಅಗತ್ಯವೂ ಹೆಚ್ಚು.

ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಅರ್ಹತೆ ಕಡ್ಡಾಯ. ಈ ಪರಿಷತ್ತು 1992ರ ಕಾಯ್ದೆಯಡಿ ಕೆಲಸ ಮಾಡುತ್ತದೆ. ಬಹುಕಾಲ ಈ ಅರ್ಹತೆಯೆಂದರೆ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಯ ಮೇಲೆ ಆಸ್ಪತ್ರೆಯಲ್ಲಿ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಪ್ರವೇಶಕ್ಕೆ ಸಾಮಾನ್ಯವಾಗಿ ಶೇ. 55 ಅಂಕಗಳು ಬೇಕಿದ್ದವು. ಮೀಸಲು ವರ್ಗಗಳಿಗೆ ರಿಯಾಯಿತಿಯಿತ್ತು. ಕರ್ನಾಟಕದಲ್ಲಿ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲ ಇದಕ್ಕೆ ಹೆಸರಾದ ಸ್ಥಳಗಳು. ತರಬೇತಿ ಮುಗಿಸಿದವರ ಹೆಸರು ಪರಿಷತ್ತಿನ ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಸೇರಿ, ಅವರಿಗೊಂದು ಸಂಖ್ಯೆ ದೊರೆಯುತ್ತದೆ. ಚಿಕಿತ್ಸೆಗೆ ಹೋಗುವವರು ಆ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಈ ವ್ಯವಸ್ಥೆ ಈಗ ಬದಲಾಗುತ್ತಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಎಂ.ಫಿಲ್. ಪದವಿಯನ್ನು ಕೈಬಿಡಲು ಹೇಳಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿ ಅದನ್ನು ನಿಲ್ಲಿಸಿತು. ಆದರೆ ಚಿಕಿತ್ಸಾ ಮನಶ್ಶಾಸ್ತ್ರ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್.ಗಳಿಗೆ ಮಾತ್ರ 2025–26ನೇ ಸಾಲಿನವರೆಗೆ ವಿನಾಯಿತಿ ನೀಡಲಾಯಿತು. ಚಿಕಿತ್ಸಾ ಮನಶ್ಶಾಸ್ತ್ರದಲ್ಲಿ ಪರ್ಯಾಯವಾಗಿ ಪುನರ್ವಸತಿ ಪರಿಷತ್ತು ನಾಲ್ಕು ವರ್ಷಗಳ ಬಿ.ಎಸ್ಸಿ. ಆನರ್ಸ್ ಮತ್ತು ಎರಡು ವರ್ಷಗಳ ಎಂ.ಎ. ಶಿಕ್ಷಣಗಳನ್ನು ರೂಪಿಸಿದೆ. ಹೀಗಾಗಿ ಹಿರಿಯ ವಿದ್ಯಾರ್ಥಿಗಳು ಹೇಳಿದ ಹಾದಿ ಕಿರಿಯರಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಹಣ ಕಟ್ಟುವ ಮುನ್ನ, ಆ ಸಂಸ್ಥೆಯ ಆ ಶಿಕ್ಷಣಕ್ಕೆ ಆ ವರ್ಷದ ಮಾನ್ಯತೆ ಇದೆಯೇ ಎಂಬುದನ್ನು ಪರಿಷತ್ತಿನ ಜಾಲತಾಣದಲ್ಲಿಯೇ ನೋಡಬೇಕು.

ಉಳಿದ ಮನಶ್ಶಾಸ್ತ್ರಜ್ಞರು, ಆಪ್ತಸಮಾಲೋಚಕರು ಮತ್ತು ಸಮಾಜಕಾರ್ಯಕರ್ತರನ್ನು ರಾಷ್ಟ್ರೀಯ ಸಂಬಂಧಿತ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ, 2021 ತನ್ನ ವ್ಯಾಪ್ತಿಗೆ ತಂದಿದೆ. ಆ ಕಾಯ್ದೆಯ ಪ್ರಕಾರ ಆರೋಗ್ಯ ವೃತ್ತಿಪರ ಎನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ, ಮೂರರಿಂದ ಆರು ವರ್ಷಗಳ ಅವಧಿಯ ಪದವಿ ಶಿಕ್ಷಣ ಅಗತ್ಯ.

ದೂರಶಿಕ್ಷಣ ಮತ್ತು ಅಲ್ಪಾವಧಿ ಡಿಪ್ಲೊಮಾಗಳು

ಊರು ಬಿಟ್ಟು ಹೋಗಲಾಗದ ವಿವಾಹಿತ ಮಹಿಳೆಯರು, ಉದ್ಯೋಗದಲ್ಲಿರುವ ಶಿಕ್ಷಕರು ಮುಂತಾದವರಿಗೆ ದೂರಶಿಕ್ಷಣ ಆಸರೆಯಾಗಿತ್ತು. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಎಂ.ಎ.ಗೆ ಯಾವುದೇ ಪದವೀಧರರು ಸೇರಬಹುದಾಗಿತ್ತು. 2021ರ ಕಾಯ್ದೆಯಡಿ ಬರುವ ವಿಷಯಗಳನ್ನು, ಮನಶ್ಶಾಸ್ತ್ರವೂ ಸೇರಿದಂತೆ, 2025ರ ಜುಲೈ–ಆಗಸ್ಟ್ ಸಾಲಿನಿಂದ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ನೀಡಬಾರದೆಂದು ಅನುದಾನ ಆಯೋಗ ಆದೇಶಿಸಿತು. ಪ್ರಾಯೋಗಿಕ ತರಬೇತಿಯಿಲ್ಲದೆ ಮನಸ್ಸಿನ ಚಿಕಿತ್ಸೆ ಕಲಿಯಲಾಗದು ಎಂಬ ಕಾರಣ ಸರಿಯಾದುದೇ. ಆದರೂ ಇದರ ಹೊರೆ ಬಿದ್ದಿರುವುದು ತಾಲ್ಲೂಕು ಕೇಂದ್ರಗಳಾಚೆಯ ಅಭ್ಯರ್ಥಿಗಳ ಮೇಲೆ ಎಂಬುದೂ ಅಷ್ಟೇ ನಿಜ.

ಕೆಲವೇ ವಾರಗಳಲ್ಲಿ ಪ್ರಮಾಣಪತ್ರ ನೀಡಿ 'ಮನೋಚಿಕಿತ್ಸಕ' ಎಂಬ ಬಿರುದು ಕೊಡುವ ತರಬೇತಿಗಳಿಗೆ ಮೇಲಿನ ಯಾವ ಕಾನೂನಿನ ಬಲವೂ ಇಲ್ಲ. ಇದರರ್ಥ ಅಲ್ಪಾವಧಿ ತರಬೇತಿಗಳೆಲ್ಲ ನಿರರ್ಥಕವೆಂದಲ್ಲ. ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಸ್ವಯಂಸೇವಕರು ಇವುಗಳಿಂದ ಕೇಳಿಸಿಕೊಳ್ಳುವ ಕಲೆಯನ್ನೂ, ಯಾರನ್ನು ಯಾವಾಗ ವೈದ್ಯರ ಬಳಿಗೆ ಕಳುಹಿಸಬೇಕೆಂಬುದನ್ನೂ ಕಲಿಯಬಹುದು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಸರಳ ಕನ್ನಡ ಪುಸ್ತಕಗಳು ಈ ಬಗೆಯ ಓದುಗರಿಗೆ ಬಹಳ ಉಪಯುಕ್ತವಾಗಿವೆ.

ಉಪವಿಭಾಗದಲ್ಲಿ ತರಬೇತಿ ಮತ್ತು ಉದ್ಯೋಗ

ನಾಗಮಂಗಲ ತಾಲ್ಲೂಕಿನ ಬಾಲಗಂಗಾಧರನಾಥ ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ಅದರ ಬೋಧನಾ ಆಸ್ಪತ್ರೆಯಿವೆ. ಜಿಲ್ಲಾ ಕೇಂದ್ರದಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಮನೋವೈದ್ಯಕೀಯ ವಿಭಾಗವುಳ್ಳ ಇಂತಹ ಆಸ್ಪತ್ರೆಗಳಲ್ಲಿ ಅನುಮತಿ ಪಡೆದು ಕ್ಷೇತ್ರಕಾರ್ಯ ಮಾಡುವುದು ಸ್ಥಳೀಯ ವಿದ್ಯಾರ್ಥಿಗೆ ಅನುಕೂಲ.

ತಾಲ್ಲೂಕು ಮಟ್ಟದಲ್ಲಿ ಸರ್ಕಾರಿ ಸೇವೆಗೆ ಆಧಾರವಾಗಿರುವುದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಇದಕ್ಕೆ ಮಾದರಿ. ರಾಷ್ಟ್ರಮಟ್ಟದಲ್ಲಿ ಇದು 1996ರಲ್ಲಿ ಆರಂಭವಾಯಿತು. ಜಿಲ್ಲಾ ತಂಡದಲ್ಲಿ ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಹುದ್ದೆಗಳಿವೆ. ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿದ 'ಮನೋಚೈತನ್ಯ' ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ತಪಾಸಣೆ ನಡೆಸುವ ಪದ್ಧತಿ ಬಂದಿತು. ಹದಿಹರೆಯದವರಿಗಾಗಿ 'ಸ್ನೇಹ ಕ್ಲಿನಿಕ್'ಗಳಿವೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ನೀಡಿದ ನಿರ್ದೇಶನವು ಈ ಶಿಕ್ಷಣ ಪಡೆದವರಿಗೆ ಹೊಸ ಬೇಡಿಕೆಯನ್ನು ಸೃಷ್ಟಿಸಬಲ್ಲದು.

ಅಗತ್ಯವಂತೂ ನಿರ್ವಿವಾದ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಸರಣಿ ಆತ್ಮಹತ್ಯೆಗಳು ಇಡೀ ರಾಜ್ಯವನ್ನು ಕಲಕಿದವು. ಸಾಲ, ಬೆಲೆ ಕುಸಿತ, ಕಾರ್ಖಾನೆಗಳ ಬಾಕಿ ಆಪ್ತಸಮಾಲೋಚನೆಯಿಂದ ತೀರುವ ಸಮಸ್ಯೆಗಳಲ್ಲ. ಆದರೆ ಅವುಗಳ ಭಾರದಲ್ಲಿ ಕುಸಿದ ವ್ಯಕ್ತಿಗೂ ಆತನ ಕುಟುಂಬಕ್ಕೂ ಆ ಹೊತ್ತಿನಲ್ಲಿ ಒಬ್ಬರು ಬೇಕಾಗುತ್ತಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416 ಕನ್ನಡದಲ್ಲಿಯೂ ಉಚಿತವಾಗಿ ಲಭ್ಯವಿದೆ.

ಭಾಷೆಯ ಪ್ರಶ್ನೆಯೂ ಇಲ್ಲಿದೆ. ಸ್ನಾತಕೋತ್ತರ ಬೋಧನೆ ಮತ್ತು ಪಠ್ಯಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಚಿಕಿತ್ಸೆಗೆ ಬರುವವರು 'ಖಿನ್ನತೆ' ಎನ್ನುವುದಿಲ್ಲ. ಎದೆ ಭಾರ, ಕೈಕಾಲು ಉರಿ, ನಿದ್ದೆ ಹತ್ತದು, ಗಾಳಿ ಸೋಕಿದೆ ಎನ್ನುತ್ತಾರೆ. ಈ ಮಾತುಗಳ ಹಿಂದಿರುವುದನ್ನು ಗುರುತಿಸುವಲ್ಲಿ ಕನ್ನಡ ಮಾಧ್ಯಮದಿಂದ ಬಂದ ಹಳ್ಳಿಯ ವಿದ್ಯಾರ್ಥಿಗೆ ನಗರದ ಸಹಪಾಠಿಗಿಂತ ಹೆಚ್ಚಿನ ಅನುಕೂಲವಿದೆ.

ವೆಚ್ಚ

ಸರ್ಕಾರಿ ವಿಶ್ವವಿದ್ಯಾನಿಲಯಗಳ ಶುಲ್ಕ ಖಾಸಗಿ ಸಂಸ್ಥೆಗಳಿಗಿಂತ ಬಹಳ ಕಡಿಮೆ. ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳಲ್ಲಿ ಸ್ಥಳ ಸಿಗದವರಿಗೆ ವಿದ್ಯಾಸಿರಿ ಯೋಜನೆಯಡಿ ಮಾಸಿಕ ನೆರವು ನೀಡುವ ವ್ಯವಸ್ಥೆಯಿದೆ. ಅರ್ಜಿಯನ್ನು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ಸಲ್ಲಿಸಬೇಕು.

ವಿದೇಶಗಳಲ್ಲಿ

ಅಮೆರಿಕದಲ್ಲಿ ಮಾನಸಿಕ ಆರೋಗ್ಯ ಆಪ್ತಸಮಾಲೋಚನೆಯು ರಾಜ್ಯಗಳು ಪರವಾನಗಿ ನೀಡುವ ಪ್ರತ್ಯೇಕ ವೃತ್ತಿ. ಅಲ್ಲಿನ ಮಾನ್ಯತಾ ಮಂಡಳಿಯಾದ ಕಾಕ್ರೆಪ್ 60 ಸೆಮಿಸ್ಟರ್ ಕ್ರೆಡಿಟ್‌ಗಳ ಸ್ನಾತಕೋತ್ತರ ಪದವಿ, 100 ಗಂಟೆಗಳ ಪ್ರಾಥಮಿಕ ಪ್ರಾಯೋಗಿಕ ತರಬೇತಿ ಮತ್ತು 600 ಗಂಟೆಗಳ ಇಂಟರ್ನ್‌ಶಿಪ್ ನಿಗದಿಪಡಿಸಿದೆ. ಪದವಿಯ ನಂತರವೂ ಮೇಲ್ವಿಚಾರಣೆಯಲ್ಲಿ ದುಡಿದು, ಪರೀಕ್ಷೆ ಬರೆದ ಮೇಲೆಯೇ ಸ್ವತಂತ್ರ ಪರವಾನಗಿ. ಬ್ರಿಟನ್ನಿನಲ್ಲಿ ಇದಕ್ಕೆ ವ್ಯತಿರಿಕ್ತವಾಗಿ 'ಕೌನ್ಸೆಲರ್' ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿಲ್ಲ. ವೃತ್ತಿಸಂಘಗಳ ಸದಸ್ಯತ್ವವೇ ಅರ್ಹತೆಯ ಗುರುತು. ಭಾರತದ ಪದವಿಯೊಡನೆ ಅಲ್ಲಿಗೆ ಹೋಗುವವರು ತಮ್ಮ ಪ್ರಾಯೋಗಿಕ ತರಬೇತಿಯ ಗಂಟೆಗಳನ್ನು ಮೇಲ್ವಿಚಾರಕರ ಸಹಿಯೊಂದಿಗೆ ಓದುವಾಗಲೇ ದಾಖಲಿಸಿಟ್ಟುಕೊಳ್ಳುವುದು ಅವಶ್ಯಕ; ವರ್ಷಗಳ ನಂತರ ಅದನ್ನು ಪಡೆಯುವುದು ಕಷ್ಟಸಾಧ್ಯ.