ವಸ್ತು, ಗುಣ, ಸಂಬಂಧ: ದತ್ತಾಂಶಚಿತ್ರಣದ ಭಾಷೆಗಳನ್ನು ಒಂದುಗೂಡಿಸಿದ ಚರಿತ್ರೆ

ಗಣಕಯಂತ್ರಕ್ಕೆ ಒಪ್ಪಿಸತಕ್ಕ ಸಂಗತಿಗಳನ್ನು ಮೊದಲು ಮನುಷ್ಯರಿಗೆ ತಿಳಿಯುವಂತೆ ಬರೆದಿಡುವುದಕ್ಕಾಗಿ ಕೆಲವು ಚಿತ್ರಭಾಷೆಗಳು ಹುಟ್ಟಿವೆ. ಯಾವ ಯಾವ ವಸ್ತುಗಳುಂಟು, ಅವುಗಳ ಗುಣಗಳಾವುವು, ಒಂದಕ್ಕೂ ಮತ್ತೊಂದಕ್ಕೂ ಸಂಬಂಧವೇನು ಎಂಬುದನ್ನು ಚೌಕ ಗೆರೆಗಳಿಂದ ತೋರಿಸುವುದೇ ಇವುಗಳ ಕೆಲಸ. ಇಂತಹ ಭಾಷೆಗಳನ್ನು ಒಂದುಗೂಡಿಸಲು ಹೊರಟವರಿಗೆ ಎದುರಾದ ತೊಡಕು ಯಾವುದೆಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದೆ. ವಿಷಯವು ಯಂತ್ರಶಾಸ್ತ್ರದ್ದಾದರೂ ತೊಡಕು ವ್ಯಾಕರಣದ್ದಾದುದರಿಂದ ಈ ಪತ್ರಿಕೆಯ ವಾಚಕರಿಗೆ ಅಪ್ರಕೃತವೆನಿಸಲಾರದು.

ತೈವಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಅಧ್ಯಾಪಕರಾಗಿದ್ದ ಪೀಟರ್ ಚೆನ್ನರು ೧೯೭೬ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಪ್ರಕಟಿಸಿದ ಲೇಖನವನ್ನೇ ಈ ಚರಿತ್ರೆಗೆ ಆದಿಯೆಂದು ಸಾಮಾನ್ಯವಾಗಿ ಎಣಿಸುವರು. (ಚಾರ್ಲ್ಸ್ ಬಾಕ್‌ಮನ್ನರು ೧೯೬೯ರಲ್ಲಿಯೇ ಇಂತಹ ಚಿತ್ರಗಳ ವಿಷಯವನ್ನು ಬರೆದಿದ್ದರೆಂಬುದನ್ನು ಮರೆಯಲಾಗದು.) ದತ್ತಾಂಶಗಳನ್ನು ಏಕದೃಷ್ಟಿಯಿಂದ ಕಾಣುವುದೇ ತಮ್ಮ ಗುರಿಯೆಂದು ಚೆನ್ನರು ಲೇಖನದ ಶಿರೋನಾಮೆಯಲ್ಲಿಯೇ ಸೂಚಿಸಿದ್ದಾರೆ. ಆಗಿನ ಜಾಲಪದ್ಧತಿ, ೧೯೭೦ರಲ್ಲಿ ಎಡ್ಗರ್ ಕಾಡ್ ಅವರು ನಿರೂಪಿಸಿದ ಕೋಷ್ಟಕಪದ್ಧತಿ, ವಸ್ತುಗಣಪದ್ಧತಿ ಎಂಬ ಮೂರನ್ನೂ ತಮ್ಮ ವಸ್ತುಸಂಬಂಧ ಪದ್ಧತಿಯಿಂದ ಸಾಧಿಸಬಹುದೆಂದು ಅವರು ತೋರಿಸಿದರು. ಹೀಗೆ ಒಂದುಗೂಡಿಸಲೆಂದು ಹುಟ್ಟಿದ ಭಾಷೆಯೇ ಮುಂದೆ ಒಂದುಗೂಡಿಸಬೇಕಾದ ಭಾಷೆಗಳಲ್ಲಿ ಒಂದಾಯಿತು! ೧೯೮೩ರಲ್ಲಿ ಚೆನ್ನರು ಮತ್ತೊಂದು ಲೇಖನದಲ್ಲಿ, ಇಂಗ್ಲಿಷ್ ವಾಕ್ಯದ ರೂಢನಾಮವು ವಸ್ತುವಿಗೂ, ಸಕರ್ಮಕ ಕ್ರಿಯಾಪದವು ಸಂಬಂಧಕ್ಕೂ, ವಿಶೇಷಣವು ವಸ್ತುವಿನ ಗುಣಕ್ಕೂ ಸರಿಹೊಂದುವುದೆಂದು ವಿವರಿಸಿದರು.

ಅಷ್ಟರಲ್ಲಿ ಯೂರೋಪಿನಲ್ಲಿ ಬೇರೊಂದು ಮತವು ಬೆಳೆದಿತ್ತು. ಬೆಲ್ಜಿಯಮಿನಲ್ಲಿ ಕೆಲಸಮಾಡುತ್ತಿದ್ದ ನೈಸೆನ್ನರು ೧೯೭೦ರ ದಶಕದಲ್ಲಿ ರೂಪಿಸಿದ ನಿಯಾಮ್ ಪದ್ಧತಿಯು ಬಿಡಿಪದದಿಂದಲ್ಲ, ಇಡಿಯ ವಾಕ್ಯದಿಂದ ಹೊರಡುತ್ತದೆ. ಬಳಕೆಯವರು ಆಡುವ ಸರಳವಾಕ್ಯಗಳನ್ನು ಕೂಡಿಸಿ, ಇನ್ನು ಒಡೆಯಲಾಗದಷ್ಟು ಚಿಕ್ಕದು ಮಾಡಿ, ಅವುಗಳಿಂದಲೇ ಚಿತ್ರವನ್ನು ಕಟ್ಟುವುದು ಇದರ ಕ್ರಮ. ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಟೆರಿ ಹಾಲ್ಪಿನ್ನರು ೧೯೮೯ರ ತಮ್ಮ ಪ್ರಬಂಧದಲ್ಲಿ ಇದಕ್ಕೆ ತರ್ಕಶಾಸ್ತ್ರದ ಬುನಾದಿ ಹಾಕಿದರು, ಓ.ಆರ್.ಎಂ. ಎಂಬುದು ಇದರ ಈಚಿನ ಹೆಸರು. ಈ ಮತದಲ್ಲಿ ಗುಣವೆಂಬ ಪ್ರತ್ಯೇಕ ಪದಾರ್ಥವೇ ಇಲ್ಲ.

ವ್ಯತ್ಯಾಸವು ಅಲ್ಪವೆಂದು ತೋರಬಹುದು. ಹಸ್ತಪ್ರತಿಗಳ ಸೂಚಿಯೊಂದನ್ನು ಊಹಿಸಿಕೊಳ್ಳೋಣ. "ಕವಿಯ ಊರು" ಎಂಬುದನ್ನು ಒಬ್ಬನು ಕವಿಗೆ ಅಂಟಿದ ಗುಣವಾಗಿ ಬರೆಯುತ್ತಾನೆ. ಮತ್ತೊಬ್ಬನು ಕವಿ ಒಂದು, ಊರು ಒಂದು, "ಹುಟ್ಟಿದನು" ಎಂಬುದು ಇವುಗಳ ನಡುವಣ ಸಂಬಂಧ ಎನ್ನುತ್ತಾನೆ. ಆ ಊರು ಯಾವ ಸೀಮೆಯದು, ಅಲ್ಲಿಯೇ ಪ್ರತಿಮಾಡಿದ ಲಿಪಿಕಾರರು ಯಾರು ಎಂದು ನಾಳೆ ಕೇಳಬೇಕಾದರೆ ಮೊದಲನೆಯವನು ತನ್ನ ಚಿತ್ರವನ್ನೇ ಒಡೆದು ಕಟ್ಟಬೇಕು. ಎರಡು ಸೂಚಿಗಳನ್ನು ಬೆರೆಸುವಾಗ ಅರ್ಥವು ಸೋರಿಹೋಗುವುದು ಇಲ್ಲಿಯೇ.

೧೯೯೦ರ ದಶಕದ ಏಕೀಕರಣವು ಹೆಚ್ಚು ಪ್ರಸಿದ್ಧವಾದುದು. ಗ್ರೇಡಿ ಬೂಚ್, ಜೇಮ್ಸ್ ರಂಬಾ ಇವರು ೧೯೯೪ರಲ್ಲಿ ರ್‍ಯಾಷನಲ್ ಸಂಸ್ಥೆಯಲ್ಲಿ ಜೊತೆಗೂಡಿದರು. ಮರುವರ್ಷ ಸ್ವೀಡನ್ನಿನ ಈವಾರ್ ಯಾಕಬ್‌ಸನ್ನರು ಸೇರಿದರು. ಮೂವರ ಪದ್ಧತಿಗಳೂ ಬೆರೆತು ಬಂದ ಯು.ಎಂ.ಎಲ್. ಭಾಷೆಯನ್ನು ೧೯೯೭ರ ನವೆಂಬರಿನಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಅಂಗೀಕರಿಸಿತು. ಇದು ಶಾಸ್ತ್ರನಿರ್ಣಯಕ್ಕಿಂತ ಹೆಚ್ಚಾಗಿ ರಾಜಿಯೆಂದು ನಮಗೆ ತೋರುತ್ತದೆ. ಗುಣವನ್ನೂ ಸಂಬಂಧವನ್ನೂ ಎರಡನ್ನೂ ಇಟ್ಟುಕೊಂಡು, ಯಾವುದನ್ನು ಎಲ್ಲಿ ಬಳಸಬೇಕೆಂಬುದನ್ನು ಬರೆಯುವವನ ಅಭಿರುಚಿಗೆ ಬಿಟ್ಟದ್ದೇ ಇದಕ್ಕೆ ಸಾಕ್ಷಿ.

ಬೇರೆ ದಾರಿ ಹಿಡಿದವರು ದಕ್ಷಿಣ ಆಫ್ರಿಕದ ಮಾರಿಯಾ ಕೇಟ್, ಅರ್ಜೆಂಟೀನದ ಪಾಬ್ಲೊ ಫಿಲೊಟ್ರಾನಿ ಇವರು. ಯಾವ ಭಾಷೆಯನ್ನೂ ಕೈಬಿಡದೆ, ಮೂರು ಕುಲಗಳ ಪದಾರ್ಥಗಳನ್ನೂ ಒಳಗೊಳ್ಳುವ ಮೇಲ್‌ವ್ಯಾಕರಣವೊಂದನ್ನು ಇವರು ರಚಿಸಿದರು. ಅದರ ಪೂರ್ಣನಿರೂಪಣೆಯು ೧೯೧೫ರದಲ್ಲ, ಶತಮಾನವೊಂದು ಕಳೆದ ಮೇಲಿನ ೨೦೧೫ರದು. ಮೂರಕ್ಕೂ ನಿಜವಾಗಿ ಸಮಾನವಾದುವು ಎಷ್ಟೆಂದು ನೋಡಿದರೆ ವಸ್ತುವರ್ಗ, ಸಂಬಂಧ (ಮೇಲ್‌ವರ್ಗ ಒಳವರ್ಗಗಳ ಸಂಬಂಧವೂ ಸೇರಿ), ಸಂಬಂಧದಲ್ಲಿ ವಸ್ತುವು ವಹಿಸುವ ಪಾತ್ರ, ಇವಿಷ್ಟೇ ಮುಖ್ಯವಾಗಿ ಉಳಿದುವು. ಗುಣವು ಆ ಪಂಕ್ತಿಗೆ ಸೇರಲಿಲ್ಲ. ಗುಣವನ್ನು ಸಂಬಂಧವಾಗಿ ಬಿಡಿಸುವುದು ಸುಲಭ. ಆದರೆ ಹುಟ್ಟಿದ ಊರು, ಪ್ರತಿಮಾಡಿದ ಊರು ಎಂದು ಹಲವು ಸಂಬಂಧಗಳಲ್ಲಿ ನಿಂತಿರುವ ಊರನ್ನು ಮತ್ತೆ ಒಂದೇ ವಸ್ತುವಿನ ಗುಣವಾಗಿ ಮಡಿಚುವಾಗ ಯಾವುದನ್ನು ಬಿಡಬೇಕೆಂಬುದನ್ನು ಯಂತ್ರವು ಹೇಳಲಾರದು. ಸೂಚಿಯನ್ನು ಬರೆಯುವವನೇ ಕುಳಿತು ಗೊತ್ತುಮಾಡಬೇಕು.